ಟೆಂಡರ್ ಇಲ್ಲದೆ ಸಿಕ್ಕ ಕೆಲಸ

ಸಾಗರ, ಹೊಸನಗರ, ತೀರ್ಥಹಳ್ಳಿಯ ಮಹಿಳಾ ಸಂಘ, ಒಕ್ಕೂಟಗಳ ಲೆಕ್ಕ ಮತ್ತು ಒಡಂಬಡಿಕೆ ನೋಡಿಕೊಳ್ಳುವುದು ನನ್ನ ಕೆಲಸ. ಪಂಚಾಯಿತಿಯ ಕಸದ ಗಾಡಿ, ಸಭೆಗಳ ಊಟ, ಅಡಿಕೆ ಹಾಳೆಯ ತಟ್ಟೆ ಎಂದು ಟೆಂಡರ್ ಇಲ್ಲದೆ ಹೆಣ್ಣುಮಕ್ಕಳಿಗೆ ಸಿಗುವ ಸರ್ಕಾರಿ ಕೆಲಸ ಈಗ ಅಷ್ಟಿಷ್ಟು ಇದೆ. ಸಿಕ್ಕಿದ್ದನ್ನು ಉಳಿಸಿಕೊಳ್ಳುವುದೇ ಕಷ್ಟ. ಟೆಂಡರ್ ಕರೆದಿದ್ದರೆ ಅದರ ಕಡತವೇ ನಮ್ಮ ಪರ ಮಾತಾಡುತ್ತಿತ್ತು. ಇಲ್ಲಿ ನಾವು ಇಟ್ಟುಕೊಂಡ ಕಾಗದವೇ ಮಾತಾಡಬೇಕು.

1. ಯಾವ ನಿಯಮದಡಿ ಕೊಡುತ್ತಿದ್ದಾರೆ ಎಂದು ಮೊದಲು ಕೇಳಿ.
ಅಮೆರಿಕದಲ್ಲಿ ಮಹಿಳಾ ಒಡೆತನದ ಸಣ್ಣ ಸಂಸ್ಥೆಗಳಿಗೆ ಸ್ಪರ್ಧೆಯಿಲ್ಲದೆ ಗುತ್ತಿಗೆ ಕೊಡಲು 2015ರಿಂದ ನೇರ ಅವಕಾಶವಿದೆ. ನಮ್ಮಲ್ಲಿ ಹಾಗೆ ಒಂದೇ ನಿಯಮವಿಲ್ಲ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ 4ನೇ ಕಲಂ ವಿನಾಯಿತಿಗಳನ್ನು ಹೇಳುತ್ತದೆ. 'ಒಬ್ಬರ ಬಳಿ ಮಾತ್ರ ಸಿಗುವ ವಸ್ತು' ಎಂಬ 4(ಬಿ) ನಮಗೆ ಬಹುಮಟ್ಟಿಗೆ ಒದಗದು. ಅದನ್ನು ಮೂವರು ತಜ್ಞರ ಸಮಿತಿ ಒಪ್ಪಬೇಕು; ಹಾಳೆ ತಟ್ಟೆ ನಮ್ಮಲ್ಲಿ ಮಾತ್ರ ಸಿಗುತ್ತದೆ ಎಂದು ಮಲೆನಾಡಿನಲ್ಲಿ ಯಾರು ಹೇಳಿಯಾರು? ಎಲ್ಲರ ಬಾಯಲ್ಲಿರುವ 4(ಜಿ) ವಿನಾಯಿತಿ ಕೊಡುವುದು ರಾಜ್ಯ ಸರ್ಕಾರ, ಪಂಚಾಯಿತಿಯಲ್ಲ. ನಮಗೆ ಉಳಿಯುವುದು ಎರಡು: ಟೆಂಡರ್ ಬೇಕಿಲ್ಲದ ಸಣ್ಣ ಮೊತ್ತದ ಖರೀದಿ, ಇಲ್ಲವೇ ಕೆಲಸ ಸಂಘಗಳಿಗೇ ಕೊಡಿ ಎಂದು ಹೇಳುವ ಸರ್ಕಾರಿ ಆದೇಶ. ಆ ಆದೇಶದ ಸಂಖ್ಯೆ, ದಿನಾಂಕ ಒಡಂಬಡಿಕೆಯ ಮೊದಲ ಪುಟದಲ್ಲೇ ಬರಲಿ.

2. ಹೆಸರನ್ನು ಬಾಡಿಗೆಗೆ ಕೊಡಬೇಡಿ.
ಅಂಗನವಾಡಿ ಆಹಾರ ಪೂರೈಕೆಗೆ ಗುತ್ತಿಗೆದಾರರು ಬೇಡ, ಸ್ವಸಹಾಯ ಸಂಘ, ಮಹಿಳಾ ಮಂಡಳಿಗಳನ್ನು ಬಳಸಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ 2004ರ ಅಕ್ಟೋಬರ್ 7ರಂದು ಆದೇಶಿಸಿತು. ಹೆಣ್ಣುಮಕ್ಕಳಿಗೆ ನೇರವಾಗಿ ಕೆಲಸ ಕೊಡುವುದರ ಹಿಂದಿನ ನ್ಯಾಯ ಅದರಲ್ಲಿದೆ. ಹಣ ಊರಲ್ಲೇ ಉಳಿಯಬೇಕು, ದುಡಿದವರ ಕೈ ಸೇರಬೇಕು. ಆದರೆ ಆದೇಶ ಬಂದ ಕಡೆಯೆಲ್ಲ ಹಿಂದಿನಿಂದ ಒಬ್ಬರು ಬರುತ್ತಾರೆ. 'ಅಕ್ಕಾ, ಒಕ್ಕೂಟದ ಹೆಸರು, ಸೀಲು ಮಾತ್ರ ಕೊಡಿ. ಬಾಕಿಯೆಲ್ಲ ನಾವು ನೋಡ್ಕೋತೇವೆ, ತಿಂಗಳಿಗೆ ಇಷ್ಟು ನಿಮ್ಮ ಖಾತೆಗೆ ಬರ್ತದೆ.' ಈ ಮಾತನ್ನು ನನ್ನೆದುರೇ ಆಡಿದ್ದಾರೆ. ಆ ದಿನ ಅಧ್ಯಕ್ಷೆ ಚೆಕ್ ಪುಸ್ತಕ, ಸೀಲು ಎರಡನ್ನೂ ಬೀರುವಿನೊಳಗಿಟ್ಟು ಬೀಗ ಹಾಕಿ, ಆಮೇಲೆ ಚಹಾ ತರಿಸಿದರು. ಸಾಮಾನು ಕಳಪೆಯಾದರೆ, ಲೆಕ್ಕ ತಪ್ಪಿದರೆ ನೋಟಿಸು ಬರುವುದು ಸಹಿ ಹಾಕಿದ ಹೆಂಗಸಿನ ಮನೆಗೆ.

3. ಕಸದ ಗಾಡಿಯ ಒಡಂಬಡಿಕೆಯನ್ನು ಕಿಲೋಮೀಟರಿನಲ್ಲಿ ಬರೆಯಿರಿ.
'ಸ್ವಚ್ಛ ವಾಹಿನಿ' ಎಂಬ ಈ ಗಾಡಿ ನಡೆಸಲು ಪಂಚಾಯಿತಿ ಟೆಂಡರ್ ಕರೆಯದೆ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದೊಡನೆ ಒಡಂಬಡಿಕೆ ಮಾಡಿಕೊಳ್ಳುತ್ತದೆ. ನಮ್ಮ ಹೆಣ್ಣುಮಕ್ಕಳೇ ತರಬೇತಿ ಪಡೆದು ಗಾಡಿ ಓಡಿಸುತ್ತಾರೆ. ನಮೂನೆಯಲ್ಲಿ ಸಾಮಾನ್ಯವಾಗಿ 'ವ್ಯಾಪ್ತಿಯ ಎಲ್ಲ ಮನೆಗಳಿಂದ' ಎಂದಿರುತ್ತದೆ. ಬಯಲುಸೀಮೆಗೆ ಅದು ಸರಿ. ಹೊಸನಗರದ ಕಡೆ ಒಂದು ಮನೆಯಿಂದ ಇನ್ನೊಂದಕ್ಕೆ ನಡುವೆ ತೋಟ, ಗದ್ದೆ, ಏರು. ಹಸಿ ಕಸ ತೋಟದ ಗೊಬ್ಬರಗುಂಡಿಗೇ ಹೋಗುವುದರಿಂದ ಗಾಡಿಗೆ ಬರುವುದು ಹಗುರ ಪ್ಲಾಸ್ಟಿಕ್ಕು, ಬಾಟಲಿ. ಡೀಸೆಲ್ ಉರಿಯುವುದು ದಾರಿಗೆ, ಕಸದ ತೂಕಕ್ಕಲ್ಲ. ಹಾಗಾಗಿ ಯಾವ ದಿನ ಯಾವ ಮಜರೆ, ಒಂದು ಸುತ್ತಿಗೆ ಎಷ್ಟು ಕಿಲೋಮೀಟರು, ಆಗುಂಬೆ, ಮಾಸ್ತಿಕಟ್ಟೆ ಕಡೆಯ ಮಳೆಯಲ್ಲಿ ರಸ್ತೆ ಕಡಿದರೆ ಏನು, ಡೀಸೆಲ್, ವಿಮೆ, ಟೈರು, ರಿಪೇರಿ ಯಾರ ತಲೆಗೆ, ಚಾಲಕಿಯ ಗೌರವಧನ ಯಾವ ತಾರೀಖಿಗೆ ಎಂದು ಒಂದೊಂದಾಗಿ ಬರೆಸಿ. ಬಳಕೆದಾರರ ಶುಲ್ಕ ಬಂದಮೇಲೆ ಸಂಬಳ ಎಂಬ ಷರತ್ತಿಗೆ ಸಹಿ ಹಾಕಬೇಡಿ. ಮನೆಯವರು ಕೊಡಲಿ ಬಿಡಲಿ, ಆಕೆ ಗಾಡಿ ಓಡಿಸಿರುತ್ತಾಳೆ.
ಲಾಗ್ ಪುಸ್ತಕ ದಿನಾ ಬರೆಯಬೇಕು. ಜುಲೈ ತಿಂಗಳ ಪುಟಗಳು ಒದ್ದೆಯಾಗಿ ಅಂಟಿಕೊಂಡು, ಮೀಟರಿನ ಅಂಕಿಗಳು ನೀಲಿ ಕಲೆಯಾದ ಪುಸ್ತಕವನ್ನು ಆಡಿಟ್ ಹೊತ್ತಿಗೆ ಬಿಡಿಸಲು ಕೂತಿದ್ದೇವೆ. ಆಮೇಲಿಂದ ಪ್ಲಾಸ್ಟಿಕ್ ಚೀಲ, ಬಾಲ್‌ಪೆನ್, ಜೊತೆಗೆ ಸಂಜೆ ಮೊಬೈಲಿನಲ್ಲಿ ಪುಟದ ಒಂದು ಫೋಟೊ.

4. ಒಂದೇ ಕೈಬರಹದ ಮೂರು ಕೊಟೇಶನ್ ಕೊಡಬೇಡಿ.
ಸಣ್ಣ ಮೊತ್ತದ ಖರೀದಿಗೆ ಮೂರು ಕೊಟೇಶನ್ ಬೇಕಾದಾಗ 'ಇನ್ನೆರಡು ಕೊಟೇಶನ್ ನೀವೇ ತಂದುಬಿಡಿ ಮೇಡಂ' ಎಂದು ಕಚೇರಿಯಲ್ಲಿ ಸಲೀಸಾಗಿ ಹೇಳುತ್ತಾರೆ. ತರುವುದು ಅವರ ಕೆಲಸ. ನೀವು ನಿಮ್ಮ ಕೊಟೇಶನ್‌ನಲ್ಲಿ ನಿಜವಾದ ದರವನ್ನೇ ಬರೆಯಿರಿ. ಹಾಳೆ ಸಿಗುವುದು ಬೇಸಿಗೆಯಲ್ಲಿ. ಆಗಸ್ಟ್ 15ಕ್ಕೆ ತಟ್ಟೆ ಕೊಡಬೇಕಾದರೆ ಮಳೆಗಾಲವಿಡೀ ಬೂಷ್ಟು ಹಿಡಿಯದಂತೆ ಕಾಯ್ದಿಡುವ ಖರ್ಚೂ ಅದರಲ್ಲಿ ಸೇರಬೇಕು.

5. ಕೆಲಸ ಹಿಡಿಯುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿ.
ಇದು ಉಚಿತ, ಸ್ವಸಹಾಯ ಸಂಘಕ್ಕೂ ಆಗುತ್ತದೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಕಿರು, ಸಣ್ಣ ಉದ್ಯಮದ ಹಣವನ್ನು ಒಪ್ಪಂದವಿದ್ದರೂ 45 ದಿನ ಮೀರಿ ಇಟ್ಟುಕೊಳ್ಳುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಎಂಎಸ್‌ಎಂಇ ಇಲಾಖೆಯ ಪೋರ್ಟಲಿನಲ್ಲಿ ದೂರು ಕೊಡಬಹುದು. ಅದಕ್ಕೆ ಸಾಮಾನು ತಲುಪಿದ ದಿನದ ಸ್ವೀಕೃತಿ ಸಹಿ ಬೇಕು. ಅದಿಲ್ಲದೆ ದಿನ ಎಣಿಸುವುದು ಎಲ್ಲಿಂದ?
ಸರ್ಕಾರದ ಹಣ ನಿಂತರೆ ಏನಾಗುತ್ತದೆ ಎಂಬುದನ್ನು ಸಾಗರದವರು ಹತ್ತಿರದಿಂದ ಕಂಡಿದ್ದೇವೆ. ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಭೀಮನಕೋಣೆಯಲ್ಲಿ ಬೆಳೆದ ಮಹಿಳೆಯರ ಕೈಮಗ್ಗ ಸಹಕಾರಿ 'ಚರಕ', ಮಂಜೂರಾದ ನೆರವು ಕೈಗೆ ಬಂದಿಲ್ಲವೆಂದು 2020ರಲ್ಲಿ ತನ್ನ ದಿವಾಳಿತನವನ್ನು ಬಹಿರಂಗವಾಗಿ ಹೇಳಬೇಕಾಯಿತು. ಅಷ್ಟು ಹೆಸರಿದ್ದವರ ಸ್ಥಿತಿಯೇ ಹಾಗಾದರೆ, ಹತ್ತು ಜನರ ಸಂಘ ಮೂರು ತಿಂಗಳ ಬಾಕಿ ತಡೆಯುವುದಿಲ್ಲ. ತಡೆಯುವಷ್ಟು ಕೆಲಸವನ್ನೇ ಒಪ್ಪಿಕೊಳ್ಳಿ.

6. ಶೇ 3ರ ಮಾತು.
ಕೇಂದ್ರ ಇಲಾಖೆಗಳು, ಕೇಂದ್ರದ ಉದ್ದಿಮೆಗಳು ತಮ್ಮ ಖರೀದಿಯ ಶೇ 25ರಷ್ಟನ್ನು ಕಿರು, ಸಣ್ಣ ಉದ್ಯಮಗಳಿಂದ, ಅದರಲ್ಲಿ ಶೇ 3ರಷ್ಟನ್ನು ಮಹಿಳೆಯರಿಂದ ಕೊಳ್ಳಬೇಕು. ಅದು ಇಡೀ ಇಲಾಖೆಯ ವರ್ಷದ ಲೆಕ್ಕ, ಪಂಚಾಯಿತಿಗೆ ಅನ್ವಯಿಸದು. ಕೇಂದ್ರದವರಿಗೂ ಮಾರುವ ಯೋಚನೆಯಿದ್ದರೆ ಸರ್ಕಾರಿ ಖರೀದಿಯ ಜೆಮ್ ಪೋರ್ಟಲಿನ 'ವುಮನಿಯಾ' ವಿಭಾಗದಲ್ಲಿ ಹೆಸರು ಹಾಕಿಡಿ.

7. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ವರ್ಗವಾಗುವ ಮೊದಲೇ ಒಡಂಬಡಿಕೆಯ ನವೀಕರಣ ಬರೆಸಿ.
ಬಾಯಿಮಾತಿನ ಭರವಸೆ ಹೊಸಬರಿಗೆ ಗೊತ್ತಿರುವುದಿಲ್ಲ. ಜನವರಿಯಲ್ಲೇ ಅರ್ಜಿ ಕೊಟ್ಟು ಸಾಮಾನ್ಯ ಸಭೆಯ ನಡಾವಳಿಯಲ್ಲಿ ಬರುವಂತೆ ನೋಡಿಕೊಳ್ಳಿ. ನಡಾವಳಿಯ ದೃಢೀಕೃತ ನಕಲು ಸಿಗುವವರೆಗೆ ಏಪ್ರಿಲ್ 1ರ ಗಾಡಿಗೆ ಡೀಸೆಲ್ ಹಾಕಿಸಬೇಡಿ.