ಈಲ್‌ಗೆ ಬೇಕು ತಂಪು, ಬೇಡ ಬಕೆಟ್ ನೀರು

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ. ಸ್ಟ್ರೈಪ್ಡ್ ಬಾಸ್ ಮೀನು ಹಿಡಿಯಲು ಎರೆಯಾಗಿ ಸಂಜೆ ಕೊಂಡುತಂದ ಈಲ್‌ಗಳು ಮುಚ್ಚಿದ ಬಕೆಟ್ಟಿನ ನೀರಿನಲ್ಲಿ ಬೆಳಗಾಗುವುದರೊಳಗೆ ಸತ್ತಿದ್ದವು. ಏಕೆ?

ಉತ್ತರ: ನೀರೇ ಮುಳುವಾಯಿತು. ಬಕೆಟ್ಟಿನ ಅಷ್ಟಿಷ್ಟು ನೀರಿನಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ಕಾಟ ಬೇರೆ. ಈಲ್ ಚರ್ಮದ ಮೂಲಕವೂ ಉಸಿರಾಡುತ್ತದೆ. ಮೈ ತೇವವಾಗಿ, ತಂಪಾಗಿ ಇದ್ದರೆ ರಾತ್ರಿ ಕಳೆಯುತ್ತದೆ. ಕೂಲರ್ ತಳಕ್ಕೆ ಐಸ್ ಹಾಕಿ, ಮೇಲೆ ತೂತಿನ ಟ್ರೇ ಇಟ್ಟು, ಒದ್ದೆ ಗೋಣಿತಾಟಿನ ನಡುವೆ ಈಲ್‌ಗಳನ್ನು ಬಿಡಿ. ಕರಗಿದ ನೀರು ಅವುಗಳವರೆಗೆ ಏರದಂತೆ ಆಗಾಗ ಬಸಿದುಬಿಡಿ. ತಣ್ಣಗಾದ ಈಲ್ ಮಂಕಾಗಿರುತ್ತದೆ. ಒಣಬಟ್ಟೆಯಲ್ಲಿ ಹಿಡಿದರೆ ಕೈಯಿಂದ ಜಾರದು.

ಕೊಳ್ಳುವಾಗ, ಮುಟ್ಟಿದೊಡನೆ ಚುರುಕಾಗಿ ನುಸುಳುವ, ಮೈಮೇಲೆ ಗಾಯವಿಲ್ಲದವನ್ನೇ ಆರಿಸಿ. 9 ಅಂಗುಲಕ್ಕಿಂತ ಚಿಕ್ಕವನ್ನು ಇಟ್ಟುಕೊಳ್ಳಲು ಕಾನೂನೂ ಬಿಡದು.

ಎರೆಯಾಗಿ ಬಳಸುವ ಇನ್ನೊಂದು ಮೀನಾದ ಬಂಕರ್‌ಗೆ ಈ ಉಪಾಯ ನಡೆಯದು. ಅದಕ್ಕೆ ಸದಾ ಹೊಸ ನೀರು ಹರಿಯುವ ದುಂಡು ತೊಟ್ಟಿಯೇ ಬೇಕು. ಮೂಲೆಗಳಿದ್ದರೆ ಮೂತಿ ಜಜ್ಜಿಕೊಂಡು ಸಾಯುತ್ತದೆ.

ಎರೆ ಯಾವುದೇ ಇರಲಿ, ಗಾಳ ಮಾತ್ರ ಸರ್ಕಲ್ ಹುಕ್ ಆಗಿರಲಿ. ಎರೆ ಹಾಕಿ ಸ್ಟ್ರೈಪ್ಡ್ ಬಾಸ್ ಹಿಡಿಯುವವರಿಗೆ ಅಟ್ಲಾಂಟಿಕ್ ಕರಾವಳಿಯಲ್ಲಿ 2021ರಿಂದ ಅದು ಕಡ್ಡಾಯ.