ಗಾಡಿಯ ಬಾಗಿಲಿಗೆ ಬೀಗ

ನಮ್ಮ ಊರಿಗೆ ಎಷ್ಟೊಂದು ಗಾಡಿ ಬರುತ್ತವೆ! ಬೆಳಿಗ್ಗೆ ಹಾಲಿನ ವ್ಯಾನು. ಆಮೇಲೆ ಗ್ಯಾಸಿನ ಗಾಡಿ. ಅಂಗಡಿಗೆ ಸೋಪು, ಬಿಸ್ಕತ್ತು ತರುವ ಗಾಡಿ. ರೇಷನ್ ಲಾರಿ. ಈಗೀಗ ಮನೆ ಬಾಗಿಲಿಗೇ ಪಾರ್ಸೆಲ್ ತರುವ ಗಾಡಿಯೂ ಬರುತ್ತದೆ.

ಊರಿನಿಂದ ಹೊರಗೆ ಹೋಗುವ ಗಾಡಿಗಳೂ ಇವೆ. ಸ್ವಸಹಾಯ ಸಂಘದ ಅಕ್ಕಂದಿರು ರೊಟ್ಟಿ ತಟ್ಟುತ್ತಾರೆ. ಹಪ್ಪಳ, ಶಾವಿಗೆ ಮಾಡುತ್ತಾರೆ. ಮೆಣಸಿನಕಾಯಿ ಕುಟ್ಟಿ ಖಾರದ ಪುಡಿ ಮಾಡುತ್ತಾರೆ. ಅದನ್ನೆಲ್ಲ ಡಬ್ಬಿಗೆ ತುಂಬಿ ಬಾಡಿಗೆ ಗಾಡಿಯಲ್ಲಿ ಪೇಟೆಗೆ ಕಳಿಸುತ್ತಾರೆ. ಒಂದು ಗಾಡಿ ಮಾಲು ಅಂದರೆ ಹತ್ತು ಮನೆಯವರ ದುಡಿಮೆ. ಬ್ಯಾಂಕಿನ ಸಾಲವೂ ಅದರ ಮೇಲೇ ನಿಂತಿದೆ. ದಾರಿಯಲ್ಲಿ ನಾಲ್ಕು ಡಬ್ಬಿ ಮಾಯವಾದರೆ ಯಾರು ಕೊಡುತ್ತಾರೆ?

ಮನೆಯ ಬೀಗದ ವಿಚಾರ ನಮಗೆ ಗೊತ್ತು. ಗಾಡಿಯ ಬೀಗದ ವಿಚಾರ ಡ್ರೈವರಿಗೆ ಬಿಟ್ಟದ್ದು ಅಂತ ಸುಮ್ಮನಿರುತ್ತೇವೆ. ಮಾಲು ನಮ್ಮದು. ಬೀಗವನ್ನೂ ನಾವೇ ನೋಡಿ ತಿಳಿಯೋಣ.

ಕಳ್ಳ ಎಲ್ಲಿ ಕೈ ಹಾಕ್ತಾನೆ?

ಓಡುವ ಗಾಡಿಯಿಂದ ಕದಿಯುವುದು ಕಷ್ಟ. ನಿಂತ ಗಾಡಿಯಿಂದ ಕದಿಯುವುದು ಸುಲಭ. ಡ್ರೈವರು ಒಂದು ಅಂಗಡಿಯ ಮುಂದೆ ಗಾಡಿ ನಿಲ್ಲಿಸುತ್ತಾನೆ. ಎರಡು ಡಬ್ಬಿ ಎತ್ತಿಕೊಂಡು ಒಳಗೆ ಹೋಗುತ್ತಾನೆ. ಹಿಂದಿನ ಬಾಗಿಲು ತೆರೆದೇ ಇರುತ್ತದೆ.

"ಬೀಗ ಹಾಕಿದ್ದೀರಾ ಅಣ್ಣಾ?" ಅಂತ ಕೇಳಿ ನೋಡಿ.

"ಅಯ್ಯೋ ಅಕ್ಕಾ, ಎರಡೇ ನಿಮಿಷ. ಈಗ ಬಂದೆ" ಅಂತಾನೆ.

ಆ ಎರಡು ನಿಮಿಷ ಕಳ್ಳನಿಗೆ ಸಾಕು. ಡ್ರೈವರನ್ನು ಬೈದು ಪ್ರಯೋಜನವಿಲ್ಲ. ದಿನಕ್ಕೆ ನಲವತ್ತು ಕಡೆ ನಿಲ್ಲಿಸುವವನು ನಲವತ್ತು ಸಲ ಬೀಗ ಹಾಕಿ ತೆಗೆಯಬೇಕು. ಎರಡೂ ಕೈಯಲ್ಲಿ ಡಬ್ಬಿ ಇರುತ್ತದೆ. ಅದಕ್ಕೇ ಇಂಥ ಗಾಡಿಗೆ ಬೇರೆ ಥರದ ಬೀಗ ಬೇಕು.

ಎರಡು ಥರದ ಬೀಗ

ಒಂದಕ್ಕೆ ಸ್ಲ್ಯಾಮ್ ಲಾಕ್ ಅಂತಾರೆ. ಬಾಗಿಲನ್ನು ದಡ್ ಅಂತ ತಳ್ಳಿದರೆ ಸಾಕು, ತಾನೇ ಬೀಗ ಬೀಳುತ್ತದೆ. ಕೀಲಿಕೈ ತಿರುಗಿಸುವುದು ಬೇಡ. ಮತ್ತೆ ತೆಗೆಯಲು ಮಾತ್ರ ಕೀಲಿಕೈ ಬೇಕು. ಹತ್ತಾರು ಕಡೆ ನಿಲ್ಲುವ ಗಾಡಿಗೆ ಇದು ಒಳ್ಳೆಯದು. ಡ್ರೈವರು ಮರೆತರೂ ಬೀಗ ಮರೆಯುವುದಿಲ್ಲ. ಆದರೆ ಕೀಲಿಕೈ ಗಾಡಿಯ ಒಳಗೇ ಬಿಟ್ಟರೆ ಫಜೀತಿ! ಅದು ಸದಾ ಡ್ರೈವರಿನ ಸೊಂಟದಲ್ಲಿ ಇರಬೇಕು. ಇನ್ನೊಂದು ಮಾತು. ಬಾಗಿಲು ತಳ್ಳುವ ಮೊದಲು ಒಳಗೆ ಇಣುಕಿ ನೋಡಬೇಕು. ಆಟ ಆಡುತ್ತಾ ಮಕ್ಕಳು ಹತ್ತಿ ಕೂತಿರಬಹುದು. ಮುಚ್ಚಿದ ಗಾಡಿಯೊಳಗೆ ಗಾಳಿ ಇರುವುದಿಲ್ಲ, ಬಿಸಿಲಿಗೆ ಕಾದು ಹೋಗುತ್ತದೆ.

ಎರಡನೆಯದು ಡೆಡ್ ಲಾಕ್. ಇದು ತಾನಾಗಿ ಬೀಳುವುದಿಲ್ಲ. ಕೀಲಿಕೈ ತಿರುಗಿಸಿದರೆ ದಪ್ಪ ಕಬ್ಬಿಣದ ನಾಲಿಗೆ ಹೊರಗೆ ಬಂದು ಚೌಕಟ್ಟಿನೊಳಗೆ ಕೂರುತ್ತದೆ. ತಂತಿ ತೂರಿಸಿ, ಮೀಟಿ, ತಳ್ಳಿ ಅದನ್ನು ಹಿಂದಕ್ಕೆ ಸರಿಸಲು ಆಗುವುದಿಲ್ಲ. ರಾತ್ರಿಯೆಲ್ಲ ಗಾಡಿ ನಿಲ್ಲಿಸುವುದಾದರೆ, ಅಥವಾ ಒಂದೇ ಊರಿಗೆ ದೂರ ಹೋಗುವುದಾದರೆ ಇದು ಗಟ್ಟಿ. ಒಂದೇ ಬಾಗಿಲಿಗೆ ಎರಡನ್ನೂ ಹಾಕಿಸುವವರೂ ಇದ್ದಾರೆ. ಹಗಲು ಒಂದು, ರಾತ್ರಿ ಒಂದು.

ಹೊಸ ಗಾಡಿಗಳಲ್ಲಿ ಗುಂಡಿ ಒತ್ತಿದರೆ ಬೀಗ ಬೀಳುವ ರಿಮೋಟ್ ಇರುತ್ತದೆ. ಅನುಕೂಲ ನಿಜ. ಆದರೆ ಹತ್ತಿರ ಯಾರಾದರೂ ಬೇರೆ ಯಂತ್ರ ಹಿಡಿದು ಆ ರಿಮೋಟಿನ ಸಂಕೇತ ತಡೆಯಬಹುದು. ಗುಂಡಿ ಒತ್ತಿದ್ದೇವೆ ಅಂತ ನಾವು ಹೋಗುತ್ತೇವೆ. ಬಾಗಿಲು ತೆರೆದೇ ಇರುತ್ತದೆ. ಗುಂಡಿ ಒತ್ತಿದ ಮೇಲೆ ಕೈಯಿಂದ ಒಂದು ಸಲ ಹಿಡಿ ಎಳೆದು ನೋಡಿದರೆ ಮುಗಿಯಿತು.

ಸಾದಾ ಬೀಗವೇ ಆದರೆ

ನಮ್ಮ ಕಡೆಯ ಬಾಡಿಗೆ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಚಿಲಕ ಮತ್ತು ನೇತಾಡುವ ಬೀಗ. ಕೆಲವು ಊರುಗಳಲ್ಲಿ ಬೀಗಕ್ಕೆ ಕೀಲಿ ಅಂತಾರೆ. ಹೆಸರು ಏನಾದರೂ ಇರಲಿ, ಕೆಲಸ ಒಂದೇ.

ಉತ್ತರ ಪ್ರದೇಶದ ಅಲಿಗಢ, ತಮಿಳುನಾಡಿನ ದಿಂಡಿಗಲ್ ಬೀಗಕ್ಕೆ ಹೆಸರಾದ ಊರುಗಳು. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಜಿ.ಐ. ಗುರುತು ಸಿಕ್ಕಿತು. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಸಿಕ್ಕಿದೆಯಲ್ಲ, ಅದೇ ಗುರುತು.

ಕೆಲವು ಬೀಗದ ಮೇಲೆ ಅಂಕಿ ಇರುತ್ತದೆ. 6 ಲಿವರ್, 7 ಲಿವರ್ ಹೀಗೆ. ಲಿವರ್ ಅಂದರೆ ಬೀಗದ ಹೊಟ್ಟೆಯೊಳಗಿನ ತೆಳು ಪಟ್ಟಿ. ಕೀಲಿಕೈಯ ಹಲ್ಲುಗಳು ಒಂದೊಂದು ಪಟ್ಟಿಯನ್ನೂ ಸರಿಯಾದ ಎತ್ತರಕ್ಕೆ ಎತ್ತಬೇಕು. ಎಲ್ಲವೂ ಸಾಲಾಗಿ ನಿಂತಾಗ ಮಾತ್ರ ಬೀಗ ತೆರೆಯುತ್ತದೆ. ಪಟ್ಟಿ ಹೆಚ್ಚಿದ್ದಷ್ಟು ಕಳ್ಳ ಕೀಲಿಕೈಗೆ ಕಷ್ಟ ಹೆಚ್ಚು. ಬೀಗ ಕೊಳ್ಳುವಾಗ ಆ ಅಂಕಿ ಓದಿ.

ಅಷ್ಟಾದರೂ ಕಳ್ಳ ಬೀಗದ ತಂಟೆಗೇ ಹೋಗದೆ ಇರಬಹುದು. ಬೀಗ ನೂರಾರು ರೂಪಾಯಿಯದು, ಚಿಲಕ ಮಾತ್ರ ನಾಲ್ಕು ಸ್ಕ್ರೂ ಮೇಲೆ ನಿಂತಿರುತ್ತದೆ! ಸ್ಕ್ರೂ ತಲೆ ಹೊರಗೆ ಕಾಣುತ್ತಿದ್ದರೆ ತಿರುಗಿಸಿ ಬಿಚ್ಚುತ್ತಾನೆ. ಬೀಗ ಬೀಗವಾಗಿಯೇ ನೇತಾಡುತ್ತಿರುತ್ತದೆ, ಬಾಗಿಲು ತೆರೆದಿರುತ್ತದೆ. ಚಿಲಕವನ್ನು ವೆಲ್ಡಿಂಗ್ ಮಾಡಿಸಬೇಕು. ಇಲ್ಲವೇ ಬೋಲ್ಟು ಆರಪಾರಾಗಿ ಹಾಕಿ ನಟ್ಟು ಒಳಗಡೆ ಬರುವಂತೆ ಬಿಗಿಸಬೇಕು. ಬಾಗಿಲ ಹಿಂಜಸ್ ಕೂಡ ನೋಡಿ. ಅದರ ಪಿನ್ನು ಹೊರಗಡೆಯಿಂದ ಬಡಿದರೆ ಬೀಳುವಂತಿದ್ದರೆ ಬಾಗಿಲೇ ಕಳಚಿ ಬರುತ್ತದೆ. ಬೀಗದ ಕೊಂಡಿಯೂ ಉದ್ದವಾಗಿ ಹೊರಗೆ ಕಾಣಬಾರದು. ಕಂಡಷ್ಟೂ ಕಟರ್ ಹಾಕಲು ಜಾಗ. ಕೊಂಡಿ ಒಳಗೇ ಅಡಗಿರುವ ದುಂಡು ಬೀಗಗಳು ಸಿಗುತ್ತವೆ. ಅವು ವಾಸಿ.

ರೇಷನ್ ತರುವ ತೆರೆದ ಲಾರಿಗೆ ಹಿಂದೆ ಬಾಗಿಲೇ ಇಲ್ಲ, ಟಾರ್ಪಾಲು ಮತ್ತು ಹಗ್ಗ ಅಷ್ಟೆ. ಅಲ್ಲಿ ಮೂಟೆ ಎಣಿಸಬೇಕು, ತೂಕ ನೋಡಬೇಕು. ಬೇರೆ ದಾರಿಯಿಲ್ಲ.

ಸೀಲು ಅಂದರೆ ಏನು?

ಈಗ ಮುಖ್ಯ ವಿಚಾರಕ್ಕೆ ಬರೋಣ. ದಾರಿಯಲ್ಲಿ ಡ್ರೈವರಿನ ಹತ್ತಿರ ಕೀಲಿಕೈ ಇರುತ್ತದೆ. ಅವನೋ, ಅವನ ಜೊತೆಯವನೋ ಬಾಗಿಲು ತೆಗೆದರೆ? ಮತ್ತೆ ಬೀಗ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ?

ಅದಕ್ಕೇ ಸೀಲು. ಪ್ಲಾಸ್ಟಿಕ್ ಪಟ್ಟಿಯೋ, ತಂತಿಯೋ, ಕಬ್ಬಿಣದ ಗೂಟವೋ ಆಗಿರುತ್ತದೆ. ಚಿಲಕದ ತೂತಿನಲ್ಲಿ ತೂರಿಸಿ ಒತ್ತಿದರೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ಕೀಲಿಕೈ ಇಲ್ಲ. ಕತ್ತರಿಸಿಯೇ ತೆಗೆಯಬೇಕು. ಕತ್ತರಿಸಿದ್ದನ್ನು ಮತ್ತೆ ಸೇರಿಸಲು ಬರುವುದಿಲ್ಲ. ಪ್ಲಾಸ್ಟಿಕ್ ಸೀಲು ಕಳ್ಳನನ್ನು ತಡೆಯುವುದಿಲ್ಲ, ಕತ್ತರಿಯಿಂದಲೇ ಹೋಗುತ್ತದೆ. ಬಾಗಿಲು ತೆರೆದಿದ್ದಾರೆ ಅಂತ ನಮಗೆ ಹೇಳುವುದು ಅದರ ಕೆಲಸ. ತಡೆಯಲು ಬೀಗ ಬೇಕು, ಹೇಳಲು ಸೀಲು ಬೇಕು.

ಪ್ರತಿ ಸೀಲಿನ ಮೇಲೂ ಒಂದು ಸಂಖ್ಯೆ ಇರುತ್ತದೆ. ಒಂದರ ಸಂಖ್ಯೆ ಇನ್ನೊಂದಕ್ಕೆ ಇರುವುದಿಲ್ಲ. ಕಳಿಸುವವರು ಆ ಸಂಖ್ಯೆಯನ್ನು ಚಲನ್ ಮೇಲೆ ಬರೆಯಬೇಕು. ಅಲ್ಲಿ ಇಳಿಸಿಕೊಳ್ಳುವವರಿಗೆ ಫೋನಿನಲ್ಲೂ ಹೇಳಬೇಕು. ಅವರು ಸೀಲಿನ ಸಂಖ್ಯೆ ಓದಿ, ಚಲನ್ ಜೊತೆ ಹೋಲಿಸಿ, ಆಮೇಲೆ ಕತ್ತರಿಸಬೇಕು. ದಾರಿಯಲ್ಲಿ ಅಧಿಕಾರಿಗಳು ತಪಾಸಣೆಗೆ ಸೀಲು ತೆಗೆಸಿದರೆ ಹೊಸ ಸೀಲು ಹಾಕಿಸಿ, ಹೊಸ ಸಂಖ್ಯೆಯನ್ನು ಚಲನ್ ಮೇಲೆ ಬರೆಸಿಕೊಳ್ಳಲು ಡ್ರೈವರಿಗೆ ಮೊದಲೇ ಹೇಳಿರಬೇಕು.

ದೊಡ್ಡ ವ್ಯಾಪಾರದಲ್ಲೂ ಇದೇ ಉಪಾಯ. ಹಡಗಿಗೆ ಹೋಗುವ ಕಂಟೇನರಿಗೆ ಕಬ್ಬಿಣದ ಗೂಟದ ಸೀಲು ಹಾಕುತ್ತಾರೆ. ಅದರಲ್ಲಿ ಬಲಗಡೆಯ ಬಾಗಿಲು ಎಡಗಡೆಯ ಬಾಗಿಲ ಮೇಲೆ ಬಂದು ಕೂರುತ್ತದೆ. ಬಲಗಡೆಯದನ್ನು ಮೊದಲು ತೆರೆಯದೆ ಎಡಗಡೆಯದು ತೆರೆಯುವುದಿಲ್ಲ. ಅದಕ್ಕೇ ಸೀಲು ಬಲಗಡೆ. 2017ರಲ್ಲಿ ನಮ್ಮ ದೇಶದ ಕಸ್ಟಮ್ಸ್ ಇಲಾಖೆ ರಫ್ತು ಕಂಟೇನರುಗಳಿಗೆ ಯಂತ್ರವೇ ಓದುವ ಸೀಲನ್ನು ಜಾರಿಗೆ ತಂದಿತು.

ಗ್ಯಾಸ್ ಸಿಲಿಂಡರಿನ ಬಾಯಿಗೆ ಹಾಕಿರುವುದೂ ಇಂಥ ಸೀಲೇ. ಅದು ಒಡೆದಿದ್ದರೆ ಸಿಲಿಂಡರು ಇಳಿಸಿಕೊಳ್ಳಬೇಡಿ. ಮನೆ ಬಳಕೆಯ ದೊಡ್ಡ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸು ಇರಬೇಕು. ತೂಕ ಮಾಡಿ ತೋರಿಸಿ ಅಂತ ಕೇಳುವ ಹಕ್ಕು ನಮಗಿದೆ.

ಸಹಿ ಹಾಕುವ ಮುಂಚೆ

ಇನ್ನೊಂದು ಪ್ರಸಂಗ ಯೋಚಿಸಿ. ಸಂಘಕ್ಕೆ ಪೇಟೆಯಿಂದ ಖಾಲಿ ಡಬ್ಬಿ, ಎಣ್ಣೆ ಟಿನ್ನು ಬರುತ್ತದೆ. ಸೀಲು ಒಡೆದಿದೆ. ಡ್ರೈವರು ಅವಸರ ಮಾಡುತ್ತಾನೆ. "ಇಲ್ಲೊಂದು ಸಹಿ ಹಾಕಿ ಅಕ್ಕಾ, ಲೇಟಾಯ್ತು."

ಹೆಬ್ಬೆಟ್ಟು ಒತ್ತುತ್ತಿದ್ದ ಕಾಲದಲ್ಲಿ ನಾವು ಒತ್ತಿಬಿಡುತ್ತಿದ್ದೆವು. ಈಗ ಓದಬಲ್ಲೆವು. ಆ ಕಾಗದದ ಮೇಲೆ "ಮಾಲು ಸರಿಯಾಗಿ ಬಂದಿದೆ" ಅಂತ ಬರೆದಿರುತ್ತದೆ. ಅದಕ್ಕೆ ಸಹಿ ಹಾಕಿದ ಮೇಲೆ ನಮ್ಮ ಮಾತು ಯಾರೂ ಸುಲಭಕ್ಕೆ ನಂಬುವುದಿಲ್ಲ. ಮೊದಲು ಡ್ರೈವರಿನ ಎದುರೇ ಎಣಿಸಿ. ಆಮೇಲೆ ಎರಡೂ ಪ್ರತಿಯ ಮೇಲೆ ನಮ್ಮ ಕೈಯಿಂದಲೇ ಬರೆಯೋಣ: "ಸೀಲು ಒಡೆದಿತ್ತು. 3 ಟಿನ್ನು ಕಡಿಮೆ." ತಾರೀಖು, ಹೊತ್ತು ಬರೆದು ಅದರ ಕೆಳಗೆ ಸಹಿ.

ಲಾರಿ ಕಂಪನಿಯ ಮೂಲಕ ರಸೀದಿ ಪಡೆದು ಮಾಲು ಕಳಿಸಿದ್ದರೆ ಅದಕ್ಕೊಂದು ಕಾನೂನೂ ಇದೆ. 2007ರ ರಸ್ತೆ ಸಾಗಣೆ ಕಾಯಿದೆ. ಮಾಲು ಕಳೆದರೆ ಲಾರಿ ಕಂಪನಿಗೆ ಬರಹದಲ್ಲಿ ನೋಟಿಸು ಕೊಡಬೇಕು. ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಕೊಡಬೇಕು. ಬಾಯಿ ಮಾತು ನಡೆಯುವುದಿಲ್ಲ. ನೋಟಿಸು ಕೊಡದೆ ಕೋರ್ಟಿಗೆ ಹೋಗಲು ಬರುವುದಿಲ್ಲ. ರಸೀದಿ ಜೋಪಾನವಾಗಿ ಇಡಿ.

ಬೀಗ ಗಟ್ಟಿ ಇದ್ದರೂ

ಎ.ಟಿ.ಎಂ.ಗೆ ಹಣ ಒಯ್ಯುವ ವ್ಯಾನು ನೀವು ನೋಡಿರಬಹುದು. ಅದಕ್ಕಿಂತ ಗಟ್ಟಿ ಬಾಗಿಲು ಇನ್ನಾವ ಗಾಡಿಗೂ ಇರಲಿಕ್ಕಿಲ್ಲ. 2018ರ ಕೇಂದ್ರದ ನಿಯಮದಂತೆ ಬಂದೂಕು ಹಿಡಿದ ಇಬ್ಬರು ಕಾವಲುಗಾರರು ಜೊತೆಗೆ ಇರಬೇಕು. ಹಳ್ಳಿ ಕಡೆ ಸಂಜೆ 6ರ ಮೇಲೆ ಎ.ಟಿ.ಎಂ.ಗೆ ಹಣ ತುಂಬುವಂತಿಲ್ಲ.

ಆದರೂ 2025ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾಡಹಗಲೇ ಅಂಥದ್ದೊಂದು ವ್ಯಾನು ತಡೆದು ಸುಮಾರು 7 ಕೋಟಿ ರೂಪಾಯಿ ದೋಚಿದರು. "ನಾವು ಅಧಿಕಾರಿಗಳು, ತಪಾಸಣೆ ಮಾಡಬೇಕು" ಅಂತ ಹೇಳಿಕೊಂಡೇ ಬಂದಿದ್ದರು. ಅವರ ಮೊದಲ ಆಯುಧ ಮಾತು.

ನಮ್ಮ ಗಾಡಿಯನ್ನೂ ಯಾರೋ ತಡೆದು ಬಾಗಿಲು ತೆಗೆ ಅನ್ನಬಹುದು. ಗುರುತಿನ ಚೀಟಿ ಕೇಳಬೇಕು. ಅನುಮಾನ ಬಂದರೆ ಬಾಗಿಲು ತೆಗೆಯುವ ಮೊದಲು 112ಕ್ಕೆ ಫೋನು ಮಾಡಬೇಕು. ಇದನ್ನು ಡ್ರೈವರಿಗೆ ಹೇಳಿ ಕಳಿಸಿ. ಕೀಲಿಕೈ ಎಷ್ಟಿವೆ, ಯಾರ ಹತ್ತಿರ ಇವೆ ಅಂತ ಸಂಘದ ಪುಸ್ತಕದಲ್ಲಿ ಬರೆದಿಡಿ. ದಿನಾ ಒಂದೇ ಅಂಗಡಿಗೆ ಹೋಗುವ ಮಾಲಾದರೆ ಒಂದು ಕೀಲಿಕೈ ನಮ್ಮಲ್ಲಿ, ಒಂದು ಅಂಗಡಿಯಲ್ಲಿ ಇಟ್ಟರೆ ಸಾಕು. ಡ್ರೈವರಿಗೆ ಕೊಡುವುದೇ ಬೇಡ. ಅವನ ಮೇಲೆ ಸುಳ್ಳು ಅಪವಾದವೂ ಬರುವುದಿಲ್ಲ. ಇದನ್ನು ಒಳ್ಳೆಯ ಡ್ರೈವರುಗಳೇ ಮೊದಲು ಒಪ್ಪುತ್ತಾರೆ.

ಓದಿ, ಹೇಳಿ

1. ಹತ್ತು ಅಂಗಡಿಗೆ ಹಪ್ಪಳ ಹಾಕುವ ಗಾಡಿಗೆ ಯಾವ ಬೀಗ ಒಳ್ಳೆಯದು? ಯಾಕೆ?

2. ನಿಮ್ಮ ಊರಿಗೆ ಬರುವ ಒಂದು ಗಾಡಿಯ ಚಿಲಕ ನೋಡಿ ಬನ್ನಿ. ಸ್ಕ್ರೂ ತಲೆ ಹೊರಗೆ ಕಾಣುತ್ತದೆಯೇ?

3. ಚಲನ್ ಮೇಲೆ ಸೀಲಿನ ಸಂಖ್ಯೆ 407182 ಅಂತ ಇದೆ. ಬಾಗಿಲಲ್ಲಿ ಇರುವ ಸೀಲಿನ ಮೇಲೆ 407128 ಅಂತ ಇದೆ. ಸೀಲು ಒಡೆದಿಲ್ಲ, ಗಟ್ಟಿಯಾಗಿಯೇ ಇದೆ. ಸಹಿ ಹಾಕುವ ಮುಂಚೆ ನೀವು ಚಲನ್ ಮೇಲೆ ಏನು ಬರೆಯುತ್ತೀರಿ? ಇಲ್ಲಿ ಬರೆಯಿರಿ.