ಮೊದಲು ಕೋಣೆ, ಆಮೇಲೆ ಮೈಕ್

ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ಆಸೆಯಿರುವ ಚೆನ್ನೈನ ಕೀಲ್ಪಾಕಿನ ಕನ್ನಡ ಬಂಧುಗಳೇ, ನಿಮ್ಮ ಬಡಾವಣೆಗೆ ಈ ವಿದ್ಯೆ ಹೊಸದಲ್ಲ. ಹೆಸರಾಂತ ನ್ಯೂಟೋನ್ ಸ್ಟುಡಿಯೋ ಇದ್ದದ್ದು ಇಲ್ಲೇ. ಅತ್ತ ಕೋಡಂಬಾಕ್ಕಂನಲ್ಲಿ ಎ.ಆರ್. ರೆಹಮಾನ್ ತಮ್ಮ ಮನೆಯ ಹಿತ್ತಲಲ್ಲೇ ಸ್ಟುಡಿಯೋ ಕಟ್ಟಿಕೊಂಡರು.

ಇಂದು ಶುರುಮಾಡಲು ಲ್ಯಾಪ್‌ಟಾಪ್, ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್, ಒಂದು ಮೈಕ್ ಮತ್ತು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಸಾಕು. ಸಾಫ್ಟ್‌ವೇರ್‌ಗೆ ಅವಸರದಲ್ಲಿ ಹಣ ಸುರಿಯಬೇಡಿ. ಆಡಾಸಿಟಿ ಉಚಿತವಾಗಿಯೇ ಸಿಗುತ್ತದೆ.

ಹಣಕ್ಕಿಂತ ಹೆಚ್ಚು ಗಮನ ಕೋಣೆಗೆ ಕೊಡಿ. ಬರಿಗೋಡೆ, ಟೈಲ್ಸ್ ನೆಲ ದನಿಯನ್ನು ಮಾರ್ದನಿಸುತ್ತವೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡಿ, ನೆಲಕ್ಕೆ ಜಮಖಾನೆ ಹಾಸಿ, ಹಾಡುವವರ ಬೆನ್ನ ಹಿಂದೆ ದಪ್ಪ ರಗ್ಗು ಇಳಿಬಿಡಿ. ಸೆಕೆ ಎಷ್ಟೇ ಇರಲಿ, ಹಾಡುವಷ್ಟು ಹೊತ್ತು ಫ್ಯಾನ್, ಏಸಿ ಆರಿಸಿ. ರಸ್ತೆ ಬದಿಯ ಮನೆಗೆ ಡೈನಾಮಿಕ್ ಮೈಕ್ ವಾಸಿ. ಕಂಡೆನ್ಸರ್ ಮೈಕ್ ಸೂಕ್ಷ್ಮ, ಹಾರ್ನ್ ಸದ್ದನ್ನೂ ಹಿಡಿಯುತ್ತದೆ. ಅದಕ್ಕೆ ಇಂಟರ್‌ಫೇಸ್‌ನಿಂದ 48 ವೋಲ್ಟ್ ವಿದ್ಯುತ್ತೂ ಬೇಕು.

ಮೈಕಿಗೂ ಬಾಯಿಗೂ ಒಂದು ಗೇಣು ಅಂತರವಿರಲಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ತಾರಸ್ಥಾಯಿಯಲ್ಲೂ ಮಟ್ಟ ಮೈನಸ್ 6 ಡೆಸಿಬಲ್ ದಾಟದಿರಲಿ. ದನಿ ತಡವಾಗಿ ಕೇಳಿಸಿದರೆ ಬಫರ್ ಅನ್ನು 128 ಸ್ಯಾಂಪಲ್‌ಗೆ ಇಳಿಸಿ, ಮಿಕ್ಸಿಂಗ್ ವೇಳೆ 1024ಕ್ಕೆ ಏರಿಸಿ. ಕಡಲ ತೀರದ ಊರಿನ ತೇವಕ್ಕೆ ಮೈಕ್ ಕೆಡದಂತೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ.

ಎಲ್ಲ ಅಣಿಯಾದ ಮೇಲೆ ಮೊದಲು ನಿಮ್ಮ ಮನೆಯ ಹಿರಿಯರನ್ನು ಕೂರಿಸಿ. ಅವರಿಗೆ ಬರುವ ದೇವರನಾಮ, ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಿ, ಎರಡು ಕಡೆ ಪ್ರತಿ ಉಳಿಸಿ. ನಿಮ್ಮ ಹಾಡಿಗೆ ನಾಳೆಯೂ ಸಮಯವಿದೆ.